ಅಕಾರ್ಡಿಯನ್ ಕ್ಲಬ್ಬಿನಲ್ಲಿ ಉರ್ಲಗಡ್ಡೆ ಹಾಡು

ಹೊರಡುವ ಮುಂಚೆ

ಸ್ಕಾಟ್ಲೆಂಡಿಗೆ ಹೋಗಿ ಬಂದೆನೆಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಹಿಮದ ವಿಷಯ. ಹಿಮ ನಾನು ನೋಡಲಿಲ್ಲ. ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ, ಅದೂ ಅರ್ಧ. ಜೊತೆಗೆ ಬಂದಿದ್ದ ಮಾವ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ, ಕತ್ತು ತಿರುಗಿಸಿದರೆ ಅವನ ರುಮಾಲು ಉರುಳುತ್ತಿತ್ತು. ಉಳಿದಂತೆ ಹದಿನಾಲ್ಕು ದಿನವೂ ನಾವು ನೋಡಿದ್ದು ಕುರಿ. ಒಂದೇ ಒಂದು ಸಂಜೆ ಕುರಿ ಇಲ್ಲದ ಜಾಗಕ್ಕೆ ಹೋದೆವು. ಈಗ ನಾಲ್ಕು ಜನ ಸೇರಿದಲ್ಲಿ ನಾನು ಹೇಳುವುದೂ ಅದೊಂದೇ ಸಂಜೆಯ ಕತೆ.

ನಾನು ಪಶುವೈದ್ಯ, ಸೇಲಂ ಕಡೆಯ ಮೇಚೇರಿಯ ಪಕ್ಕದ ಹಳ್ಳಿಯವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸೇಲಂ ಬಸ್ಸಿನಲ್ಲಿ ಎರಡೂ. ಕನ್ನಡ ಅಕ್ಷರ ಕಲಿತದ್ದು ಬೆಂಗಳೂರಿನ ಹಾಸ್ಟೆಲಿನಲ್ಲಿ, ಅದೂ ಇಪ್ಪತ್ತು ವಯಸ್ಸು ದಾಟಿದ ಮೇಲೆ. ತೊಂಬತ್ತರ ದಶಕದ ನಡುವೆ ಒಂದು ವರ್ಷ, ಅಲ್ಲಿನ ಕುರಿ ಸಾಕುವವರ ಸಂಘವೊಂದು ಬೇರೆ ಬೇರೆ ದೇಶಗಳಿಂದ ಒಬ್ಬ ವೈದ್ಯನನ್ನೂ ಒಬ್ಬ ಕುರಿಗಾರನನ್ನೂ ಜೋಡಿಯಾಗಿ ಕರೆಸಿಕೊಂಡಿತು. ನಮ್ಮ ಮೇಚೇರಿ ಕುರಿಗೆ ಉಣ್ಣೆ ಇಲ್ಲ, ಕೆಂಪು ಮೈಯ ಮೇಲೆ ಬರೀ ಸಣ್ಣ ಕೂದಲು. ಉಣ್ಣೆ ಕತ್ತರಿಸುವುದರಲ್ಲೇ ಬದುಕು ಕಳೆವ ಆ ಜನಕ್ಕೆ ಅದು ಸೋಜಿಗ. ವೈದ್ಯನಾಗಿ ನನ್ನ ಹೆಸರು ಹೋಯಿತು. ಕುರಿಗಾರ ಯಾರು ಎಂದಾಗ ನನಗೆ ಹೊಳೆದದ್ದು ನನ್ನ ತಾಯಿಯ ಅಣ್ಣ ಬೀರಪ್ಪ ಮಾವ. ಅರವತ್ತೈದು ದಾಟಿದವನು. ಆಡು ಕುರಿಯ ಹೆಜ್ಜೆ ಸದ್ದು ಕೇಳಿಯೇ ಯಾವುದರ ಗೊರಸು ಕೊಳೆತಿದೆ ಎಂದು ಹೇಳುವವನು.

"ವಿಮಾನದಾಗ ಓಗ್ಬೇಕು ಮಾವ," ಅಂದೆ.

"ಏರ್ಕಾಡ್ ಬೆಟ್ಟದ ಬಸ್‌ನಾಗೆ ಓಗಿ ವಾಂತಿ ಮಾಡ್ದೆ ಬಂದೋನು ನಾನು. ಇದೇನ್ ಮಾ ದೊಡ್ದು?" ಅಂದ.

ಬೀಗುವುದಕ್ಕೆ ಕಾರಣವಿತ್ತು. ವಿಮಾನದಲ್ಲಿ ವಾಂತಿ ಮಾಡಿಕೊಂಡವನು ನಾನು. ಮಾವ ಪಕ್ಕದಲ್ಲಿ ಕೂತು, ಕುರಿಗೆ ಹೊಟ್ಟೆ ಉಬ್ಬರಿಸಿದರೆ ಸವರುವ ಹಾಗೆ ನನ್ನ ಬೆನ್ನು ಸವರಿದ.

ಅಲೆಕ್ ಅವರ ಮನೆ

ನಮ್ಮನ್ನು ಇಳಿಸಿದ್ದು ಅಲೆಕ್ ಎಂಬ ಕುರಿಗಾರರ ಮನೆಯಲ್ಲಿ. ಎಪ್ಪತ್ತರ ಆಸುಪಾಸು, ಆರಡಿ ಎತ್ತರ, ಕೆಂಪು ಕಿವಿ. ಸುತ್ತ ಹಸಿರು ಗುಡ್ಡ, ಗುಡ್ಡದ ತುಂಬ ಬಿಳಿ ಕುರಿ, ಕುರಿಯ ಮೇಲೆ ಮೋಡ. ಹೆಂಡತಿ ಇಸಬೆಲ್ ತೀರಿಹೋಗಿ ಎರಡು ವರ್ಷವಾಯಿತೆಂದು ಮೊದಲ ದಿನವೇ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದರು. ಮಾತು ಕಡಿಮೆ. ಆಡಿದ ಮಾತೂ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ನಾನು ಕಾಲೇಜಿನಲ್ಲಿ ಕಲಿತ ಇಂಗ್ಲಿಷು ಬೇರೆ, ಅವರ ಗಂಟಲಿನಿಂದ ಉರುಳಿ ಬರುತ್ತಿದ್ದದ್ದು ಬೇರೆ. ಸೋಜಿಗವೆಂದರೆ ಮಾವನಿಗೆ ಅವರ ಮಾತು ನನಗಿಂತ ಮೊದಲು ತಿಳಿಯುತ್ತಿತ್ತು. ಅಲೆಕ್ ಏನೋ ಗೊಣಗಿದರೆ ನಾನು "ಪಾರ್ಡನ್?" ಅನ್ನುವಷ್ಟರಲ್ಲಿ ಮಾವ ಎದ್ದು ಹೋಗಿ ಗೇಟು ಹಾಕಿ ಬಂದಿರುತ್ತಿದ್ದ.

ತೊಂದರೆ ಬಂದದ್ದು ಊಟದಲ್ಲಿ. ಅತ್ತೆ ಕಟ್ಟಿ ಕೊಟ್ಟಿದ್ದ ನಿಂಬೆ ಉಪ್ಪಿನಕಾಯಿಯ ಜಾಡಿ ದಾರಿಯಲ್ಲಿ ಒಡೆದು ನನ್ನ ಮೂರು ಅಂಗಿಗಳನ್ನು ತಿಂದಿತ್ತು. ಅಂಗಿ ಒಗೆದೆವು, ಖಾರ ಹೋಯಿತು. ಅಲೆಕ್ ಅವರ ಮನೆಯಲ್ಲಿ ಬೆಳಿಗ್ಗೆ ಹುರಿದ ಆಲೂಗಡ್ಡೆ, ಮಧ್ಯಾಹ್ನ ಆಲೂಗಡ್ಡೆ ಸೂಪು, ಸಂಜೆ ಬೇಯಿಸಿ ಹಿಸುಕಿದ ಆಲೂಗಡ್ಡೆ. ನಮ್ಮ ಕಡೆ ಅದಕ್ಕೆ ಉರ್ಲಗಡ್ಡೆ ಅನ್ನುತ್ತೇವೆ. ಮದುವೆ ಸಾರಿನಲ್ಲಿ ಎರಡು ತುಂಡು ಸಿಕ್ಕಿದರೆ ಹೆಚ್ಚು. ಮಾವ ನಾಲ್ಕನೆಯ ದಿನದವರೆಗೂ ಬಾಯಿ ಬಿಡಲಿಲ್ಲ. ಉಂಡ ಮನೆಯ ಅನ್ನವನ್ನು ಹಳಿಯಬಾರದು ಎನ್ನುವ ಕಟ್ಟುನಿಟ್ಟು ಅವನದು.

ಊಟವಾದ ಮೇಲೆ ಅಲೆಕ್ ದಿನಾ ಉಣ್ಣೆ ತುಂಬಿಡುವ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿನಿಂದ ಸಂಗೀತ ಕೇಳುತ್ತಿತ್ತು. ಮೊದಲ ಸಂಜೆ ಮಾವ ಬಾಗಿಲ ಸಂದಿಯಿಂದ ಇಣುಕಿ ಬಂದು ವರದಿ ಕೊಟ್ಟ.

"ಎದೆ ಮ್ಯಾಲೆ ಆರ್ಮೋನಿ ಕಟ್ಕಂಡವ್ನೆ ಕಲಾ. ಕಮ್ಮಾರ ತಿದಿ ಒತ್ತೋ ಅಂಗೆ ಎಳೆದು ಒತ್ತಿ, ಎಳೆದು ಒತ್ತಿ..."

ಅದು ಅಕಾರ್ಡಿಯನ್. ಸೇಲಂ ಕಡೆ ಮದುವೆಗೆ ಬರುವ ಆರ್ಕೆಸ್ಟ್ರಾದಲ್ಲಿ ಒಬ್ಬ ಅದನ್ನು ಹೊತ್ತು ನಿಲ್ಲುವುದನ್ನು ನೋಡಿದ್ದೆ; ಈಚೆಗೆ ಕೀಬೋರ್ಡು ಬಂದು ಅವನೂ ಕಾಣೆಯಾಗಿದ್ದ. ಅಲೆಕ್ ನುಡಿಸುತ್ತಿದ್ದದ್ದು ನಿಧಾನವಾದ ಒಂದೇ ಧಾಟಿ. ಮಾವ ಅಂಗಳದಲ್ಲಿ ಬಕೆಟ್ಟು ಬೋರಲು ಹಾಕಿ, ಕಂಬಳಿ ಹೊದ್ದು, ದಿನಾ ಅದನ್ನು ಕೇಳುತ್ತ ಕೂರುತ್ತಿದ್ದ. ಸಂಜೆ ಎಂಟೂವರೆಯಾದರೂ ಬೆಳಕಿರುವ ದೇಶದಲ್ಲಿ ಅವನಿಗೆ ನಿದ್ದೆ ಬರುವ ಹೊತ್ತು ಯಾವುದೆಂದೇ ತಿಳಿಯುತ್ತಿರಲಿಲ್ಲ.

ಮೂರನೆಯ ದಿನ ಹೇಳಿದ: "ಮುಕ್ಕಾಲು ಭಾಗ ಚೆಂದಾಗಿ ಬರ್ತಾನೆ. ಆಮ್ಯಾಕೆ ಒಂದ್ ಜಾಗದಾಗೆ ನಿಂತೋಯ್ತಾನೆ. ದಿನಾ ಅದೇ ಜಾಗ. ತಿರ್ಗಾ ಮೊದ್ಲಿಂದ. ಪಾವಂ, ಮರ್ತೋಗ್ತದೇನೋ."

ಕುರಿಯ ಕುಂಟು ಗುರುತಿಸುವ ಕಿವಿ ಅದು. ನಾನೂ ಗಮನಿಸಿದೆ. ನಿಜ. ಧಾಟಿ ಏರುತ್ತ ಬಂದು, ಇನ್ನೇನು ಮೇಲಕ್ಕೆ ಹತ್ತಬೇಕು ಎನ್ನುವಾಗ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬರೀ ಗಾಳಿ. ಮತ್ತೆ ಮೊದಲಿನಿಂದ.

ಐದನೆಯ ದಿನ ಗುಡ್ಡದ ಮೇಲೆ ಕುರಿಗಳ ಗೊರಸು ಕತ್ತರಿಸುತ್ತಿದ್ದಾಗ ಮಾವ ಅದೇ ಧಾಟಿಯನ್ನು ಗುನುಗುತ್ತಿದ್ದ. ಹತ್ತಿರ ಹೋಗಿ ಕಿವಿಗೊಟ್ಟರೆ ಅದಕ್ಕೆ ಮಾತನ್ನೂ ಕೂರಿಸಿದ್ದ, ಅಲೆಕ್ ನಿಲ್ಲಿಸುವ ಜಾಗದಿಂದ ಮುಂದಕ್ಕೆ ರಾಗವನ್ನೂ ತಾನೇ ಎಳೆದಿದ್ದ.

ಉಪ್ಪಿಲ್ಲ ಖಾರಿಲ್ಲ ಉಣ್ಣೋದೆಂಗಣ್ಣ
ಒತ್ತಾರೆ ಬೈಗೂನು ಒಂದೇ ಕಣಣ್ಣ
ಉರ್ಲಗಡ್ಡೆ ಉರ್ಲಗಡ್ಡೆ
ಸೂರಪ್ಪ ಬಾರೋ ಸುಡು ಬಿಸಿಲ ತಾರೋ

"ಮಾವ! ಉಂಡ ಮನೆ..."

"ಅವ್ನ್ಗೆ ತಿಳೀತದಾ? ಕುರಿಗೆ ಏಳ್ತಾ ಇವ್ನಿ ನಾನು," ಅಂದ.

ಗುರುವಾರ ಸಂಜೆ, ಊರಿನ ಹಾಲ್

ಎರಡನೆಯ ವಾರ ಮಾರ್ಗರೆಟ್ ಎಂಬ ಹೆಂಗಸು ಸೈಕಲ್ಲಿನಲ್ಲಿ ಬಂದರು. ನಿವೃತ್ತ ಟೀಚರು. ಊರಿನ ಅಕಾರ್ಡಿಯನ್ ಕ್ಲಬ್ಬನ್ನು ನಡೆಸುವವರು ಅವರೇ. ತಿಂಗಳಿಗೊಂದು ಗುರುವಾರ ಎಲ್ಲರೂ ಸೇರಿ ನುಡಿಸುತ್ತಾರೆ, ಬೇಸಗೆಗೆ ಮುಚ್ಚುವ ಮುಂಚೆ ಇದು ಕೊನೆಯ ಸಂಜೆ, ಇಂಡಿಯಾದ ಅತಿಥಿಗಳು ಬರಲೇಬೇಕು ಎಂದರು. ಮಾತು ನಮ್ಮ ಜೊತೆ, ಕಣ್ಣು ಅಲೆಕ್ ಅವರ ಮೇಲೆ. ಅಲೆಕ್ ತಮ್ಮ ಬೂಟು ನೋಡುತ್ತಿದ್ದರು. ಅತಿಥಿಗಳನ್ನು ಕರೆತರಲು ಬೇರೆ ವಾಹನವಿಲ್ಲ. ಆ ಹೆಂಗಸು ಲೆಕ್ಕ ಹಾಕಿಯೇ ಬಂದಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಗುರುವಾರ ವ್ಯಾನು ಹತ್ತಿದೆವು. ಮುಂದಿನ ಸೀಟಿನಲ್ಲಿ ಅಕಾರ್ಡಿಯನ್ ಪೆಟ್ಟಿಗೆ, ಅದಕ್ಕೆ ಬೆಲ್ಟು. ಹಿಂದೆ ನಾವಿಬ್ಬರು ಮತ್ತು ನಾಯಿ. ನಾಯಿ ಮಾವನ ತೊಡೆಯೇರಿ ಕೂತಿತು. ಶುಭ್ರ ಪಂಚೆ, ಅದರ ಮೇಲೆ ನಾಲ್ಕು ಕೆಸರು ಪಾದ.

"ಎನ್ನಪ್ಪಾ ಇದು! ಪೆಟ್ಟಿಗೆಗೆ ಇರೋ ಮರ್ವಾದಿ ನಮ್ಗಿಲ್ಲ," ಅಂದ ಮಾವ. ಆದರೂ ದಾರಿಯುದ್ದಕ್ಕೂ ನಾಯಿಯ ಕಿವಿಯಲ್ಲಿ ಉಣ್ಣಿ ಹುಡುಕುತ್ತ ಕೂತ.

ಹಾಲ್ ಎಂದರೆ ನಮ್ಮ ಕಡೆಯ ಸಣ್ಣ ಕಲ್ಯಾಣ ಮಂಟಪದಷ್ಟು. ಮೇಜುಗಳ ಮೇಲೆ ಕಾಗದದ ಹಾಸು, ಸುತ್ತ ಅರವತ್ತು ಜನ. ಹೆಚ್ಚಿನವರು ಅಲೆಕ್ ಅವರ ವಯಸ್ಸಿನವರೇ. ಗೋಡೆಯ ಬದಿಗೆ ಅಕಾರ್ಡಿಯನ್ ಪೆಟ್ಟಿಗೆಗಳು, ಮೆಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕು ಇಟ್ಟ ಹಾಗೆ ಸಾಲಾಗಿ. ಅಲೆಕ್ ಒಳಗೆ ಕಾಲಿಟ್ಟಾಗ ಮಾತೆಲ್ಲ ಒಂದು ಕ್ಷಣ ನಿಂತು, ಮತ್ತೆ ಮೊದಲಿಗಿಂತ ಜೋರಾಗಿ ಶುರುವಾಯಿತು. ವಿದೇಶದವರನ್ನು ನೋಡಿ ಹಾಗಾಯಿತೆಂದು ನಾನು ತಿಳಿದುಕೊಂಡೆ. ಅಲೆಕ್ ಎರಡು ವರ್ಷದಿಂದ ಆ ಬಾಗಿಲು ದಾಟಿರಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ನಮ್ಮನ್ನು ಮುಂದಿನ ಸಾಲಿನ ಮೇಜಿಗೆ ಕೂರಿಸಿದರು. ನಮ್ಮ ಹಿಂದಿದ್ದ ಅಜ್ಜಿ ಕುರ್ಚಿಯನ್ನು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು, ಕೊನೆಗೆ ನನ್ನ ಭುಜ ತಟ್ಟಿ ಬಹಳ ನಾಚಿಕೊಂಡು ಕೇಳಿದರು: ನಿಮ್ಮ ಮಾವನವರ ತಲೆಯ ಮೇಲಿರುವುದು ತೆಗೆಯುವಂಥದ್ದೋ, ಇಲ್ಲಾ ಧರ್ಮಕ್ಕೆ ಸೇರಿದ್ದೋ? ಮಾವನಿಗೆ ಹೇಳಿದೆ. ಅವನು ಎದ್ದು ನಿಂತು, ಅಜ್ಜಿಗೆ ಕೈ ಮುಗಿದು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ನಾಲ್ಕು ಜನರ ಎದುರು ಅವನ ಬೋಳು ತಲೆ ನಾನು ಕಂಡದ್ದು ಅದೇ ಮೊದಲು. ಅಜ್ಜಿ ಅವನಿಗೆ ಪೆಪ್ಪರಮಿಂಟು ಕೊಟ್ಟರು.

ಸಂಗೀತ ಶುರುವಾಯಿತು. ಮಾರ್ಗರೆಟ್ ಪಟ್ಟಿ ನೋಡಿ ಹೆಸರು ಕರೆಯುತ್ತಾರೆ. ಕರೆದವರು ಹೋಗಿ ಮೂರು ಧಾಟಿ ನುಡಿಸಿ ವಾಪಸು ಬಂದು ಕೂರುತ್ತಾರೆ. ಚೆನ್ನಾಗಿ ನುಡಿಸಿದವರಿಗೂ ಹಾಳುಮಾಡಿದವರಿಗೂ ಒಂದೇ ಚಪ್ಪಾಳೆ. ಒಬ್ಬ ಅಜ್ಜಿಯ ಅಕಾರ್ಡಿಯನ್ ಎಷ್ಟು ದೊಡ್ಡದೆಂದರೆ ಅದರ ಮೇಲೆ ಎರಡು ಕಣ್ಣು, ಕೆಳಗೆ ಎರಡು ಬೂಟು, ಅಷ್ಟೇ ಕಾಣುತ್ತಿತ್ತು. ಆದರೆ ಆಕೆ ನುಡಿಸಿದ್ದು ಮರಿ ನೆಗೆದಾಡುವ ಹಾಗಿತ್ತು. ಕೇಳುವವರು ಮಾತ್ರ ಸೊಂಟದಿಂದ ಮೇಲೆ ಅಲ್ಲಾಡುವುದಿಲ್ಲ, ಮುಖ ಬ್ಯಾಂಕಿನಲ್ಲಿ ಕೂತಂತೆ. ಮೇಜಿನ ಕೆಳಗೆ ನೋಡಿದರೆ ಅರವತ್ತು ಜೊತೆ ಕಾಲು ತಾಳ ಹಾಕುತ್ತಿವೆ. ನಮ್ಮಲ್ಲಿ ತಮಟೆ ಬಡಿದರೆ ಮುದುಕರೂ ಎದ್ದು ಕುಣಿಯುತ್ತಾರೆ, ಲೌಡ್‌ಸ್ಪೀಕರು ಹುಣಿಸೆ ಮರದಿಂದ ಮೂರು ಊರಿಗೆ ಕೂಗುತ್ತದೆ. ಇಲ್ಲಿ ಕುಣಿಯಲು ಕಾಲಿಗೆ ಮಾತ್ರ ಅಪ್ಪಣೆ ಇತ್ತು.

"ಮ್ಯಾಲೆ ಸಾವು, ಕೆಳ್ಗೆ ಮದ್ವೆ," ಅಂದ ಮಾವ, ಪೆಪ್ಪರಮಿಂಟು ಚೀಪುತ್ತ.

ಆಮೇಲೆ ಮಾರ್ಗರೆಟ್ ಅಲೆಕ್ ಅವರ ಹೆಸರು ಕರೆದರು.

ಅವರು ಹೋದರು. ಅಕಾರ್ಡಿಯನ್ನಿನ ಪಟ್ಟಿಗಳಲ್ಲಿ ತೋಳು ತೂರಿಸುವಾಗ ಕಿವಿ ಇನ್ನಷ್ಟು ಕೆಂಪಾಗಿತ್ತು. ನುಡಿಸಿದ್ದು ಅದೇ ಧಾಟಿ, ಕೊಟ್ಟಿಗೆಯದು. ಹಾಲ್‌ನಲ್ಲಿ ಅದು ಬೇರೆಯೇ ಕೇಳಿಸಿತು, ದೊಡ್ಡದಾಗಿ, ತುಂಬಿಕೊಂಡು. ನಾನು ಮಾವನ ಕಡೆ ನೋಡಿದೆ. ಅವನ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಆ ಜಾಗ ಹತ್ತಿರ ಬಂತು. ಧಾಟಿ ಏರಿತು, ಏರಿತು, ನಿಂತಿತು.

ಅಲೆಕ್ ಅವರ ಬೆರಳುಗಳು ಕೀಗಳ ಮೇಲೆಯೇ ಇದ್ದವು, ಒತ್ತುತ್ತಿರಲಿಲ್ಲ. ತಿದಿಯಿಂದ ಗಾಳಿ ಸುಯ್ಯೆಂದು ಹೋಗುತ್ತಿತ್ತು. ಮಾರ್ಗರೆಟ್ ಕೈಯಲ್ಲಿದ್ದ ಪಟ್ಟಿಯನ್ನು ಎದೆಗೊತ್ತಿ ಹಿಡಿದರು. ಅಲೆಕ್ ತಲೆ ತಗ್ಗಿಸಿ, ಹೆಗಲ ಪಟ್ಟಿ ಸಡಿಲಿಸಲು ಕೈ ಎತ್ತಿದರು.

ಆಗ ನನ್ನ ಪಕ್ಕದಿಂದ, ಗುಡ್ಡದಿಂದ ಗುಡ್ಡಕ್ಕೆ ಕುರಿ ಕರೆಯುವ ಗಂಟಲು ಎದ್ದಿತು.

"ಉರ್ಲಗಡ್ಡೇ... ಉರ್ಲಗಡ್ಡೇ..."

ನೆಲ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು. ಅರವತ್ತು ತಲೆ ತಿರುಗಿದವು. ಮಾವ ಯಾರನ್ನೂ ನೋಡಲಿಲ್ಲ, ಅಲೆಕ್ ಅವರನ್ನೇ ನೋಡುತ್ತಿದ್ದ. ಹಳ್ಳದಲ್ಲಿ ಹೆದರಿ ನಿಂತ ಕುರಿಯನ್ನು ಈ ದಡದಿಂದ ಕರೆವಾಗ ಹೀಗೇ ಕಣ್ಣಿಟ್ಟು ನೋಡುತ್ತಾನೆ. ಅಲೆಕ್ ಅವರ ಕೈ ತಾನಾಗಿ ಕೆಳಗಿಳಿಯಿತು. ಮಾವನ ಕೊನೆಯ ಸ್ವರವನ್ನು ಹಿಡಿದುಕೊಂಡು ಅಕಾರ್ಡಿಯನ್ ಮುಂದಕ್ಕೆ ಹೋಯಿತು. "ಸೂರಪ್ಪ ಬಾರೋ" ಎಂಬ ಭಾಗವನ್ನು ಮಾವ ಜೊತೆಗೇ ಗುನುಗಿ ಮುಗಿಸಿದ.

ಚಪ್ಪಾಳೆ ಬರಲು ತಡವಾಯಿತು. ಬಂದಾಗ ಅದು ಮೊದಲಿನ ಚಪ್ಪಾಳೆಗಳಂತಿರಲಿಲ್ಲ. ಹಿಂದಿನ ಅಜ್ಜಿ ಕರವಸ್ತ್ರ ತೆಗೆದಿದ್ದರು. ಮಾರ್ಗರೆಟ್ ಮೈಕಿನಲ್ಲೇ ನನ್ನನ್ನು ಕೇಳಿದರು: "ಎಷ್ಟು ಚೆಂದದ ಹಾಡು! ಮಾತಿನ ಅರ್ಥವೇನು, ಡಾಕ್ಟರ್?"

"ಅದು... ಕುರಿ ಕಾಯುವವರು ಹೇಳುವ ಹಾಡು. ಸೂರ್ಯದೇವನನ್ನು ಪ್ರಾರ್ಥಿಸುವುದು," ಅಂದೆ.

ಹಾಲ್‌ನ ತುಂಬ "ಆ..." ಎಂಬ ನಿಟ್ಟುಸಿರು ಹರಡಿತು.

ಟೀ

ನಡುವೆ ಟೀ. ದೊಡ್ಡ ದೊಡ್ಡ ಕೆಟಲುಗಳು, ತಟ್ಟೆಯಲ್ಲಿ ತ್ರಿಕೋನ ಸ್ಯಾಂಡ್‌ವಿಚ್ಚು. ಬಂದವರಿಗೆಲ್ಲ ಒಂದೊಂದು ಚೀಟಿ ಕೊಟ್ಟು ಬಹುಮಾನ ಎತ್ತಿದರು. ನನಗೆ ಹೆಂಗಸರ ಗುಲಾಬಿ ಸೋಪು ಬಂತು. ಮಾವನ ಸುತ್ತ ಐದಾರು ಅಜ್ಜಿಯರು ನೆರೆದಿದ್ದರು. ಒಬ್ಬರು ಅವನ ಕಂಬಳಿಯ ನೂಲು ಮುಟ್ಟಿ ನೋಡುತ್ತಿದ್ದರು. ಎಡಪ್ಪಾಡಿಯ ನೇಯ್ಗೆಯವರು ಬಟ್ಟೆ ಮುಟ್ಟುತ್ತಾರಲ್ಲ, ಹೆಬ್ಬೆರಳಲ್ಲಿ ತಿಕ್ಕಿ, ಥೇಟು ಹಾಗೆ.

ಮಾರ್ಗರೆಟ್ ನನ್ನನ್ನು ಪಕ್ಕಕ್ಕೆ ಕರೆದರು.

"ಆ ಧಾಟಿ ಯಾರದೆಂದು ನಿಮಗೆ ಗೊತ್ತೇ?"

ಇಲ್ಲವೆಂದೆ.

"ಇಸಬೆಲ್ ಕಟ್ಟಿದ್ದು. ಅವಳು ಪಿಟೀಲು, ಅಲೆಕ್ ಅಕಾರ್ಡಿಯನ್. ಮೂವತ್ತು ವರ್ಷ ಇಬ್ಬರೂ ಜೊತೆಗೆ ನುಡಿಸಿದರು. ಪ್ರತಿ ವರ್ಷ ಕೊನೆಯ ಸಂಜೆಯ ಕೊನೆಯ ಧಾಟಿ ಅದೇ. ಅಲೆಕ್ ನಿಂತುಬಿಟ್ಟ ಜಾಗ ಇದೆಯಲ್ಲ, ಅಲ್ಲಿ ಅವನು ನಿಲ್ಲಿಸುತ್ತಿದ್ದ, ಅವಳೊಬ್ಬಳೇ ನುಡಿಸುತ್ತಿದ್ದಳು. ಎಂಟು ಎಣಿಕೆ. ಆಮೇಲೆ ಅವನು ಸೇರಿಕೊಳ್ಳುತ್ತಿದ್ದ. ಅವನ ಕೈಗೆ ಅಲ್ಲಿ ನುಡಿಸಿಯೇ ಅಭ್ಯಾಸವಿಲ್ಲ. ಎರಡು ವರ್ಷದಿಂದ ನಾವು ಬೇರೆ ಏನೋ ನುಡಿಸಿ ಬಾಗಿಲು ಹಾಕುತ್ತಿದ್ದೇವೆ. ಇವತ್ತು ನಿಮ್ಮ ಮಾವ..." ಅಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಒತ್ತಿ ಕೆಟಲಿನ ಕಡೆ ಹೋದರು.

ನಾನು ಮಾವನನ್ನು ಅಜ್ಜಿಯರಿಂದ ಬಿಡಿಸಿಕೊಂಡು ಮೂಲೆಗೆ ಕರೆದೊಯ್ದು ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಇಳಿಯಿತು. ಸ್ಯಾಂಡ್‌ವಿಚ್ಚನ್ನು ತಟ್ಟೆಗೆ ಹಾಕಿದ.

"ಅಯ್ಯಯ್ಯೋ! ಮರ್ತೋಗ್ತಾನೆ ಅಂದ್ಕಂಡಿದ್ನಲ್ಲಲಾ ನಾನು. ಆ ಯಮ್ಮನ ಜಾಗದಾಗೆ ಉರ್ಲಗಡ್ಡೆ ಅಂತ ಕೂಗ್ಬುಟ್ನಲ್ಲ!"

"ಅವ್ರಿಗ್ ತಿಳೀಲಿಲ್ಲ ಮಾವ. ನಾನು ಸೂರ್ಯದೇವ್ರ ಆಡು ಅಂತ ಏಳಿದೀನಿ."

ಮಾವ ನನ್ನನ್ನು ನೋಡಿದ ನೋಟ, ಚಿಕ್ಕಂದಿನಲ್ಲಿ ಅವನ ತೋಟದ ಪಂಪಿನ ಫ್ಯೂಸು ಸುಟ್ಟು ಸುಳ್ಳು ಹೇಳಿದಾಗ ನೋಡಿದ್ದ ನೋಟ. "ನಾನ್ ಮಾಡಿದ್ದು ತಿಳೀದ ತೆಪ್ಪು. ನೀನ್ ಮಾಡಿದ್ದು ತಿಳ್ದೂ ಮಾಡಿದ್ದು. ನಡಿ, ಅವ್ನತ್ರ ನೆಜ ಏಳು. ಅವ್ನ ಮನೇಲಿ ಅನ್ನೆರಡು ದಿನ ಉಂಡಿವ್ನಿ."

"ಈಗ ಬೇಡ ಮಾವ, ಮನೆಗೆ ಓದ್ಮೇಲೆ..."

"ನಡಿಯಲೇ ಅಂದ್ರೆ!"

ಅಲೆಕ್ ವೇದಿಕೆಯ ಪಕ್ಕ ಒಬ್ಬರೇ ಕೂತು ಅಕಾರ್ಡಿಯನ್ನಿನ ಮಡಿಕೆಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಮಾವ ಅವರೆದುರು ಕೈ ಮುಗಿದು ನಿಂತ. ನಾನು ತಡವರಿಸುತ್ತ ಹೇಳಿದೆ: ನಾನು ಹೇಳಿದ ಅರ್ಥ ಸರಿಯಲ್ಲ. ಸೂರ್ಯ ಬರುವುದು ಕೊನೆಯಲ್ಲಿ ಒಂದು ಸಾಲು, ನಿಮ್ಮ ಹೆಂಡತಿಯವರ ಜಾಗದಲ್ಲಿ ಮಾವ ಹಾಡಿದ್ದು ಆಲೂಗಡ್ಡೆ, ಆಲೂಗಡ್ಡೆ ಎಂದು. ಆ ಜಾಗ ಅವರದ್ದೆಂದು ಅವನಿಗೆ ಗೊತ್ತಿರಲಿಲ್ಲ. ತಪ್ಪಾಯಿತು ಎನ್ನುತ್ತಿದ್ದಾನೆ.

ಅಲೆಕ್ ಬಟ್ಟೆ ಕೆಳಗಿಟ್ಟರು.

"ಟ್ಯಾಟೀಸ್?" ಅಂದರು. ಅವರ ಕಡೆ ಆಲೂಗಡ್ಡೆಗೆ ಹಾಗನ್ನುತ್ತಾರೆ.

"ಹೌದು."

"ಬರೀ ಆಲೂಗಡ್ಡೆಯೋ, ಅದರ ಮೇಲೆ ಇನ್ನೇನಾದರೂ ಇದೆಯೋ?"

ಬೇರೆ ದಾರಿ ಇರಲಿಲ್ಲ. "ಉಪ್ಪಿಲ್ಲ, ಖಾರವಿಲ್ಲ, ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ," ಅಂದೆ.

ಅವರ ಹೆಗಲು ಅಲ್ಲಾಡತೊಡಗಿತು. ಅಳುತ್ತಿದ್ದಾರೆ ಅಂದುಕೊಂಡು ಮಾವ ಒಂದು ಹೆಜ್ಜೆ ಮುಂದಿಟ್ಟ. ಅಳು ಅಲ್ಲ, ನಗು. ಎದೆಯ ಮೇಲಿದ್ದ ಅಕಾರ್ಡಿಯನ್ ಕೂಡ ಕುಲುಕಿ ಒಂದೆರಡು ಅಪಸ್ವರ ಹೊರಡಿಸಿತು. ಆ ಹನ್ನೆರಡು ದಿನಗಳಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಅವಳು ಹೋದ ಮೇಲೆ ನಾನು ಕಲಿತ ಅಡುಗೆ ಅದೊಂದೇ," ಅಂದರು ಕಣ್ಣೊರೆಸಿಕೊಂಡು. "ನನಗೂ ಸಾಕಾಗಿದೆ ಎಂದು ಹೇಳಿ ಅವರಿಗೆ."

ಹೇಳಿದೆ.

"ಅಡಡಾ! ಮುಂದಾಗೇ ಬಾಯ್ಬಿಟ್ಟಿದ್ರೆ ನಾನೇ ಒಲೆ ಮುಂದೆ ಕೂರ್ತಿದ್ನಲ್ಲ," ಅಂದ ಮಾವ.

ಅಷ್ಟರಲ್ಲಿ ಮಾರ್ಗರೆಟ್ ಬಂದು ನಿಂತಿದ್ದರು. ಕೊನೆಯ ಧಾಟಿ ಇವತ್ತು ಇಸಬೆಲ್‌ಳದ್ದೇ ಆಗಲಿ, ಮೊದಲಿನ ಹಾಗೆ, ಎಂದು ಕೇಳಿದರು. ಅಲೆಕ್ ನಗು ನಿಲ್ಲಿಸಿ ಒರೆಸುವ ಬಟ್ಟೆಯನ್ನು ನಾಲ್ಕಾಗಿ ಮಡಿಸಿದರು. ಆಮೇಲೆ ಮಾವನ ಕಡೆ ತಿರುಗಿ, ನನಗೆ ಹೇಳಿದರು: "ಅವರು ಮತ್ತೆ ಆ ಜಾಗದಲ್ಲಿ ಹಾಡುವುದಾದರೆ ನುಡಿಸುತ್ತೇನೆ. ಆಲೂಗಡ್ಡೆ ಅಂತಲೇ ಹಾಡಲಿ, ನನಗೇನೂ ಬೇಜಾರಿಲ್ಲ."

ಮಾವ ತಲೆಯಾಡಿಸಿದ. "ಇಲ್ಲ. ಗೊತ್ತಿಲ್ದೆ ಆ ಜಾಗಕ್ಕೆ ಒಕ್ಕಿದ್ದು ಒಂದ್ ಕಿತ. ಗೊತ್ತಿದ್ದೂ ಒಕ್ಕಲ್ಲ. ಅದು ಆ ಯಮ್ಮುಂದು."

"ಹಾಗಾದರೆ ಅಲ್ಲಿ ನಾನು ಏನು ಮಾಡಲಿ?" ಅಂದರು ಅಲೆಕ್.

ಮಾವ ನನ್ನನ್ನು ಕೇಳಿದ: "ಎಷ್ಟೊತ್ತು ಬಾರಿಸ್ತಿತ್ತಂತೆ ಆ ಯಮ್ಮ?"

"ಎಂಟು ಎಣ್ಸೋವರ್ಗೂ."

"ಎಂಟೇ ತಾನೆ? ಕಾದ್ರಾಯ್ತು. ನಾನ್ ಇಲ್ಲಿ ಬೆಳ್ಳಾಗೆ ಎಣಿಸ್ತೀನಿ, ನನ್ ಕೈ ನೋಡ್ತಾ ಇರು ಅಂತ ಏಳು."

ಕೊನೆಯ ಧಾಟಿ

ಒಂಬತ್ತಾಗಿತ್ತು. ಕಿಟಕಿಯ ಆಚೆ ಗುಡ್ಡಗಳು ಇನ್ನೂ ಹಸಿರಾಗಿಯೇ ಕಾಣುತ್ತಿದ್ದವು. ಮಾರ್ಗರೆಟ್ ಏನನ್ನೂ ಘೋಷಿಸಲಿಲ್ಲ. ಅಲೆಕ್ ಎದ್ದು ಹೋದಾಗಲೇ ಎಲ್ಲರಿಗೂ ತಿಳಿದಿತ್ತು.

ಈ ಸಲ ನಾನು ಧಾಟಿಯನ್ನು ಸರಿಯಾಗಿ ಕೇಳಿದೆ. ಎಡಗೈಯ ದಪ್ಪ ಸ್ವರಗಳು ಯಾರನ್ನೋ ನಡೆಸಿಕೊಂಡು ಹೋಗುವ ಹಾಗೆ ಪಕ್ಕಪಕ್ಕದಲ್ಲಿ ಬರುತ್ತಿದ್ದವು. ಕಾಲುಗಳು ಮೆಲ್ಲಗೆ ತಾಳ ಹಾಕುತ್ತಿದ್ದವು. ಆ ಏರು ಬಂತು. ಮಾವ ತೊಡೆಯ ಮೇಲಿದ್ದ ರುಮಾಲಿನ ಮೇಲೆ ಬಲಗೈ ಇಟ್ಟುಕೊಂಡು ಮುಂದಕ್ಕೆ ಬಾಗಿದ.

ಅಲೆಕ್ ನಿಲ್ಲಿಸಿದರು.

ಸಂಜೆಯೆಲ್ಲ ಒಂದು ಕ್ಷಣವೂ ಬಿಡದೆ ಆಡುತ್ತಿದ್ದ ಕಾಲುಗಳೂ ನಿಂತವು. ಮಾವನ ತೋರುಬೆರಳು ರುಮಾಲಿನ ಮೇಲೆ ಒಂದು ಬಿತ್ತು. ಎರಡು. ಯಾರದ್ದೋ ಬಟ್ಟಲಿನಲ್ಲಿ ಚಮಚ ಸದ್ದಾಯಿತು. ಮೂರು, ನಾಲ್ಕು. ಅಲೆಕ್ ಅವರ ಕಣ್ಣು ಆ ಬೆರಳಿನ ಮೇಲೆ. ಐದಕ್ಕೆ ಅವರ ಕಣ್ಣು ಬೆರಳನ್ನು ಬಿಟ್ಟು ಪಕ್ಕಕ್ಕೆ, ತಮ್ಮ ಎಡಗಡೆಯ ಖಾಲಿ ಜಾಗಕ್ಕೆ ಹೋಯಿತು. ಮೂವತ್ತು ವರ್ಷ ಯಾರೋ ನಿಲ್ಲುತ್ತಿದ್ದ ಕಡೆ ನೋಡುವ ನೋಟ ಅದು. ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಮಾವ ಎಣಿಸುವುದನ್ನು ಬಿಡಲಿಲ್ಲ. ಆರು. ಏಳು. ಎಂಟು.

ಅಲೆಕ್ ಬೆರಳನ್ನು ನೋಡಲೇ ಇಲ್ಲ. ಸರಿಯಾಗಿ ಎಂಟಕ್ಕೆ, ತಾವಾಗಿಯೇ, ಆಚೆ ಬದಿಯಿಂದ ಧಾಟಿಯನ್ನು ಎತ್ತಿಕೊಂಡರು.

ಮೇಜುಗಳ ಕೆಳಗೆ ಕಾಲುಗಳು ಮತ್ತೆ ಶುರುವಾದವು. ಮಾವ ಹಿಂದಕ್ಕೆ ಒರಗಿ ಉಸಿರು ಬಿಟ್ಟ.

"ದಾಟ್ಬುಟ್ಟ," ಅಂದ.

ಮನೆಗೆ ಹೋಗುವಾಗ ವ್ಯಾನಿನಲ್ಲಿ ನಾಯಿ ಮಾವನ ತೊಡೆಯ ಮೇಲೆ ಗೊರಕೆ ಹೊಡೆಯಿತು. 

ಉಳಿದ ಎರಡು ದಿನ ಅಡುಗೆ ಮಾವನದು. ಮರಿ ಮಾಂಸಕ್ಕೆ ಅಂಗಡಿಯಲ್ಲಿ ಸಿಕ್ಕ ಕರಿಮೆಣಸಿನ ಪೂರ್ತಿ ಡಬ್ಬಿ ಸುರಿದ. ಅಲೆಕ್ ಮೂಗು ಒರೆಸುತ್ತ, ಕೆಮ್ಮುತ್ತ, ಎರಡು ಸಲ ಬಡಿಸಿಕೊಂಡರು.

ಮೇಚೇರಿ

ಬೇಸಗೆ ಕಳೆದು ಅಲ್ಲಿ ಕ್ಲಬ್ಬು ಮತ್ತೆ ತೆರೆದ ಮೇಲೆ ಅಲೆಕ್ ಅವರ ಕಾಗದ ಬಂತು. ಸಂತೆಯ ದಿನ. ಮಾವ ಕುರಿ ಸಂತೆಯಲ್ಲಿ ಒಂದು ಹೆಣ್ಣು ಮರಿಯನ್ನು ಮಂಡಿಗಳ ನಡುವೆ ಹಿಡಿದುಕೊಂಡು ಚೌಕಾಸಿ ಮಾಡುತ್ತಿದ್ದ. ಗದ್ದಲದಲ್ಲೇ, ಅವನ ಕಿವಿಯ ಹತ್ತಿರ ಬಾಗಿ ಓದಿ ಹೇಳಿದೆ.

ಅಲೆಕ್ ಈಗ ಪ್ರತಿ ತಿಂಗಳೂ ನುಡಿಸುತ್ತಾರೆ. ಆ ಜಾಗ ಬಂದಾಗ ನಿಲ್ಲಿಸುತ್ತಾರೆ, ಎಲ್ಲರೂ ಕಾಯುತ್ತಾರೆ. ಹೋದ ತಿಂಗಳು ಪಕ್ಕದ ಊರಿನಿಂದ ಹೊಸಬನೊಬ್ಬ ಬಂದಿದ್ದ. ಧಾಟಿ ಮುಗಿಯಿತೆಂದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟ. ಅರವತ್ತು ಜನ ಒಟ್ಟಿಗೆ ತಿರುಗಿ ಅವನನ್ನು ನೋಡಿದರಂತೆ. ಪಾಪ, ಎರಡೂ ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡನಂತೆ.

ಮಾವ ಮರಿಯನ್ನು ಬಿಡದೆ ಕೇಳಿದ: "ಆಮ್ಯಾಕೆ?"

"ಎಂಟು ಆದ್ಮೇಲೆ ಮುಂದಕ್ಕೆ ಬಾರ್ಸಿದ್ರಂತೆ."

"ಅದು ಸರಿ. ಆ ಕೈ ತಟ್ಟಿದೋನು?"

ಕಾಗದ ಮಗುಚಿ ನೋಡಿದೆ. ಕೊನೆಯ ಸಾಲಿನಲ್ಲಿ ಅದೂ ಇತ್ತು. "ಈ ತಿಂಗ್ಳೂ ಬಂದಿದ್ನಂತೆ ಮಾವ. ಅವ್ನೂ ಕಾದ್ನಂತೆ."

"ಆಂ," ಅಂದು ಮಾವ, ಮರಿಯ ಬಾಯಿ ಬಿಡಿಸಿ ಹಲ್ಲು ನೋಡತೊಡಗಿದ.